ಬಿಸಿಲಲ್ಲಿ ಕಟ್ಟಿದ ಐಸು

ಐರ್ಲೆಂಡಿನ ಸೋಲಾರ್ ಕಂಪನಿಯೊಂದರಲ್ಲಿ ನನಗೆ ಕೆಲಸ ಸಿಕ್ಕಿತೆಂದು ಹೇಳಿದಾಗ ಬೆಂಗಳೂರಿನಲ್ಲಿದ್ದ ನನ್ನ ತಮ್ಮ ಫೋನಿನಲ್ಲಿ ನಕ್ಕ ನಗು ಇನ್ನೂ ಕಿವಿಯಲ್ಲಿದೆ. “ಅಕ್ಕಾ, ಅಲ್ಲಿ ಸೂರ್ಯ ಬರೋದು ಹಬ್ಬಕ್ಕೋ ಹುಣ್ಣಿಮೆಗೋ ಅಂತಾರೆ. ಸುಮ್ನೆ ಛತ್ರಿ ಅಂಗಡಿ ಇಟ್ಕೋ, ಚೆನ್ನಾಗಿ ನಡೆಯುತ್ತೆ,” ಅಂದ. ನಾನೂ ನಕ್ಕೆ. ಆಗ ನನಗೂ ಅವನಿಗಿಂತ ಹೆಚ್ಚೇನೂ ತಿಳಿದಿರಲಿಲ್ಲ.

ಈಗ ನಿವೃತ್ತಳಾಗಿ, ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬ್ಲಾಂಚರ್ಡ್ಸ್‌ಟೌನಿನಲ್ಲಿ ಕನ್ನಡದವರೆಲ್ಲ ಸೇರಿ ಯುಗಾದಿ ಊಟ ಮಾಡಿದ ದಿನ, ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಬ್ಬರು ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ನನ್ನ ಪಕ್ಕ ಬಂದು ಕೂತರು. “ಆಂಟಿ, ಕೋರ್ಸಲ್ಲಿ ಹೇಳಿಕೊಡದೇ ಇರೋದು ಏನಾದ್ರೂ ಇದ್ರೆ ಹೇಳಿ,” ಅಂದರು. ಇದೆ ಕಣ್ರಮ್ಮ, ಬೇಕಾದಷ್ಟಿದೆ. ಯಾವ ವರ್ಷ ಸೀನಿಯರ್ ಆದೆ, ಯಾವಾಗ ಕಂಪನಿ ಕಾರು ಕೊಟ್ಟರು ಎಂಬುದೆಲ್ಲ ಹೇಳಲು ನನಗೇ ಬೇಸರ. ನಾನು ಹೇಳುವುದು ಒಂದು ನೆರಳಿನ ವಿಷಯ, ಒಬ್ಬ ಬಾಸಿನ ವಿಷಯ, ಆಮೇಲೆ ನೊರೀನ್ ಎಂಬ ಹೆಂಗಸಿನ ಹಸುಗಳ ವಿಷಯ. ಆ ಹಸುಗಳು ಅವಳ ಕೊಟ್ಟಿಗೆಯಲ್ಲಿ ಉಳಿಯುತ್ತವೋ ಸಂತೆಗೆ ಹೋಗುತ್ತವೋ ಎನ್ನುವುದು ಒಂದು ಬೇಸಿಗೆಯಲ್ಲಿ ನನ್ನ ಮಾತಿನ ಮೇಲೆ ನಿಂತಿತ್ತು. ಮಿಕ್ಕದ್ದೆಲ್ಲ ಅದಕ್ಕೆ ಪೀಠಿಕೆ ಎಂದುಕೊಳ್ಳಿ.

ನಾನು ಚನ್ನರಾಯಪಟ್ಟಣದ ಕಡೆಯವಳು, ಹೆಸರು ವಿಶಾಲಾಕ್ಷಿ. ಎಲೆಕ್ಟ್ರಿಕಲ್ ಓದಿ, ಬೆಂಗಳೂರಿನಲ್ಲಿ ಸೋಲಾರ್ ವಾಟರ್ ಹೀಟರ್ ಕಂಪನಿಯೊಂದಕ್ಕೆ ಸೇರಿ, ಜಯನಗರದಿಂದ ಯಲಹಂಕದವರೆಗೆ ತಾರಸಿ ಹತ್ತಿ ಹತ್ತಿ ಮಂಡಿ ಸವೆಸಿದವಳು. ನಮ್ಮ ಯಜಮಾನರು ಡಾಕ್ಟರು. ಅವರಿಗೆ ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸವಾಯಿತು, ಮಗಳನ್ನು ಕಟ್ಟಿಕೊಂಡು ಹೊರಟೆವು. ಇಲ್ಲಿ ಬಂದು ಒಂದು ವರ್ಷ ಮನೆಯಲ್ಲಿ ಕೂತು ಮಳೆ ನೋಡಿದೆ. ಇನ್ನೊಂದು ವರ್ಷ ನೋಡಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಡೆಕ್ಲನ್‌ನ ಕಂಪನಿಗೆ ಅರ್ಜಿ ಹಾಕಿದೆ. ಅವನು ಮೊದಲು ಮನೆಗಳಿಗೆ ತೆಳ್ಳನೆ ಕಲ್ಲಿನ ಸ್ಲೇಟುಗಳ ಚಾವಣಿ ಹೊದಿಸುತ್ತಿದ್ದವನು, ನಡುವಯಸ್ಸಿನಲ್ಲಿ ಸೋಲಾರಿಗೆ ತಿರುಗಿದವನು. ಸಂದರ್ಶನಕ್ಕೆ ಹೋದರೆ ನನ್ನ ಸರ್ಟಿಫಿಕೇಟುಗಳನ್ನು ತೆರೆದೂ ನೋಡಲಿಲ್ಲ. ಅಂಗಳದ ಗೋಡೆಗೆ ಏಣಿ ಒರಗಿಸಿ, ಹತ್ತು ನೋಡೋಣ ಎನ್ನುವಂತೆ ಗಲ್ಲ ಎತ್ತಿದ. ನಾನು ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದೆ. ಮೇಲಿನಿಂದ ಬಗ್ಗಿ ನೋಡಿ, “ಇಲ್ಲೊಂದು ಸ್ಲೇಟು ಸಡಿಲ ಆಗಿದೆ,” ಎಂದು ಹೇಳಿ ಇಳಿದೆ. “ಗ್ರ್ಯಾಂಡ್. ಸೋಮವಾರ ಬಾ,” ಅಂದ.

ಗ್ರ್ಯಾಂಡ್ ಅಂದರೆ ಈ ದೇಶದಲ್ಲಿ ಭವ್ಯ, ಅದ್ಭುತ ಎಂದೇನೂ ಅಲ್ಲ. ಆಯ್ತು, ಪರವಾಗಿಲ್ಲ ಎಂದಷ್ಟೇ. ನನಗೇನು ಗೊತ್ತು, ಮನೆಗೆ ಬಂದು ಯಜಮಾನರ ಮುಂದೆ ಭಾರೀ ಕೊಚ್ಚಿಕೊಂಡೆ. ಆ ಮಾತನ್ನು ಕಾಲು ಮುರಿದುಕೊಂಡವರ ಬಾಯಲ್ಲೂ ಆಸ್ಪತ್ರೆಯಲ್ಲಿ ದಿನಾ ಕೇಳುತ್ತಿದ್ದ ಮನುಷ್ಯ ನಕ್ಕು ಕಾಫಿ ಕುಡಿದರು. ಇಲ್ಲಿಯವರ ಮಾತನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಆಡಿದ್ದು ಇಂಗ್ಲಿಷಿನಲ್ಲಿ, ನನ್ನ ಮನಸ್ಸಿನಲ್ಲಿ ಉಳಿದದ್ದು ಹೀಗೆ.

ಸೇರಿದ ಮೊದಲ ಬೇಸಿಗೆಯಲ್ಲೇ ಎಡವಿದೆ. ಲೀಕ್ಸ್‌ಲಿಪ್‌ನಲ್ಲಿ ಒಂದು ಮನೆ. ಇಲ್ಲಿ ಮಧ್ಯಾಹ್ನದ ಸೂರ್ಯ ಇರುವ ದಕ್ಷಿಣಕ್ಕೇ ಮುಖ ಮಾಡಿದ ಚಾವಣಿ, ಅದರಾಚೆ ಪಕ್ಕದ ಮನೆಯ ದಪ್ಪ ಚಿಮಣಿ. ಬೆಂಗಳೂರಿನಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ನೀರಿನ ಟ್ಯಾಂಕಿನ ನೆರಳು ಟ್ಯಾಂಕಿನ ಬುಡದಲ್ಲೇ ಮುದುಡಿಕೊಂಡಿರುತ್ತದೆ. ಅದೇ ಕಣ್ಣಲ್ಲಿ ನೋಡಿದೆ. ಜೂನ್ ತಿಂಗಳಲ್ಲಿ ಚಿಮಣಿಯ ನೆರಳು ನಮ್ಮ ಚಾವಣಿಗೆ ತಾಗುತ್ತಲೇ ಇರಲಿಲ್ಲ. ಪ್ಯಾನೆಲ್ ಹಾಕಿಸಿ ಕೈ ತೊಳೆದುಕೊಂಡೆ. ನವೆಂಬರಿನಲ್ಲಿ ಆ ಮನೆಯವರು ಫೋನ್ ಮಾಡಿ, ನಿಮ್ಮ ಪ್ಯಾನೆಲ್‌ಗಳು ಮಲಗಿಬಿಟ್ಟಿವೆ ಎಂದರು.

ಡೆಕ್ಲನ್ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಹಿತ್ತಲಿನ ಹುಲ್ಲಿನ ಮೇಲೆ ನಿಲ್ಲಿಸಿ, “ನಿನ್ನ ನೆರಳು ಎಲ್ಲಿದೆ ನೋಡು,” ಅಂದ. ಸರಿಯಾಗಿ ಮಧ್ಯಾಹ್ನ. ನನ್ನ ನೆರಳು ಹುಲ್ಲನ್ನೆಲ್ಲ ದಾಟಿ ಬೇಲಿಯ ಮೇಲೆ ಹತ್ತಿ ನಿಂತಿತ್ತು. ನಮ್ಮೂರಲ್ಲಿ ಅಷ್ಟುದ್ದದ ನೆರಳು ಕಾಣುವುದು ಸಂಜೆ ಹೊತ್ತು ಇಳಿಯುವಾಗಲೇ. ಅವನು ಬೈಯಲಿಲ್ಲ. “ಇದು ನಿಮ್ಮ ಊರಿನ ಸೂರ್ಯ ಅಲ್ಲ, ವಿಶ್. ಚಳಿಗಾಲದಲ್ಲಿ ಇವನು ಎದ್ದು ನಿಲ್ಲೋದೇ ಇಲ್ಲ, ಕೂತ್ಕೊಂಡೇ ಕೆಲಸ ಮಾಡ್ತಾನೆ,” ಎಂದು ಹೇಳಿ, ಪ್ಯಾನೆಲ್‌ಗಳನ್ನು ಚಾವಣಿಯ ಇನ್ನೊಂದು ತುದಿಗೆ ಸರಿಸಲು ಏಣಿ ಇಳಿಸಿದ. ನನ್ನ ಹೆಸರಿನಲ್ಲಿ ಅವನ ನಾಲಿಗೆಗೆ ದಕ್ಕಿದ್ದು ‘ವಿಶ್’ ಮಾತ್ರ.

ಆವತ್ತಿನಿಂದ ನಾನು ಈ ಸೂರ್ಯನ ಬೆನ್ನು ಹತ್ತಿದೆ. ಮಗಳನ್ನು ಶಾಲೆಗೆ ಬಿಡುವಾಗ, ಬಸ್ಸಿಗೆ ಕಾಯುವಾಗ, ಬಟ್ಟೆ ಒಣಹಾಕುವಾಗ, ಅವನು ಎಲ್ಲಿ ಎದ್ದ, ಎಲ್ಲಿ ಮುಳುಗಿದ ಎಂದು ನೋಡುವುದೇ ಚಟವಾಯಿತು. ನಮ್ಮಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅಂದರೆ ಹೆಚ್ಚುಕಮ್ಮಿ ಪೂರ್ವಕ್ಕೇ. ಇಲ್ಲಿ ಬೇಸಿಗೆಯಲ್ಲಿ ಈಶಾನ್ಯದ ಮೂಲೆಯಲ್ಲಿ, ನಾವು ದೇವರಮನೆ ಕಟ್ಟಿಸುವ ದಿಕ್ಕಿನಲ್ಲಿ, ಹಾಲಿನವನಿಗಿಂತ ಮುಂಚೆ ಏಳುತ್ತಾನೆ. ಇಡೀ ಆಕಾಶ ಸುತ್ತಿ ವಾಯವ್ಯದ ಮೂಲೆಗೆ ಹೋಗಿ ಮುಳುಗುವಷ್ಟರಲ್ಲಿ ಮಕ್ಕಳೆಲ್ಲ ಮಲಗಿರುತ್ತವೆ. ಇಷ್ಟು ಹೊತ್ತು ದುಡಿಯುವ ಸೂರ್ಯ ನಮ್ಮ ಊರಿನಲ್ಲೂ ಇಲ್ಲ.

ಇನ್ನೊಂದು ಪಾಠ ಬಿಸಿಲಿನದು. ಬಿಸಿಲು ಅಂದರೆ ಸುಡಬೇಕು ಎಂಬುದು ನಮ್ಮ ಲೆಕ್ಕ. ಪ್ಯಾನೆಲ್ಲಿಗೆ ಬೇಕಾದದ್ದು ಬೆಳಕು, ಬಿಸಿಯಲ್ಲ. ಬಿಸಿ ಏರಿದಷ್ಟೂ ಅದು ಸೋಲುತ್ತದೆ. ರಾಯಚೂರಿನ ಏಪ್ರಿಲ್ಲಿನಲ್ಲಿ ಕಾದ ಹೆಂಚಿನಂತಾಗಿ ಏದುಸಿರು ಬಿಡುವ ಪ್ಯಾನೆಲ್ಲು, ಇಲ್ಲಿಯ ಮೇ ತಿಂಗಳ ತಣ್ಣನೆ ಗಾಳಿಯಲ್ಲಿ ಉತ್ಸಾಹದಿಂದ ದುಡಿಯುತ್ತದೆ. ಧೂಳು ಒರೆಸುವ ಕೆಲಸವೂ ಇಲ್ಲ, ಮಳೆಯೇ ಆಳಿನಂತೆ ಬಂದು ತೊಳೆದು ಹೋಗುತ್ತದೆ. ಸಮುದ್ರದ ಹಕ್ಕಿಗಳ ಗಲೀಜು ಮಾತ್ರ ನಮ್ಮ ಪಾಲಿಗೆ.

ಇಷ್ಟಿದ್ದೂ ಇಲ್ಲಿಯವರಿಗೇ ತಮ್ಮ ಸೂರ್ಯನ ಮೇಲೆ ನಂಬಿಕೆಯಿಲ್ಲ. ಯಾವ ಮನೆಗೆ ಹೋದರೂ ಬಾಗಿಲಲ್ಲೇ, “ಇಲ್ಲೆಲ್ಲಿ ಬಿಸಿಲು, ನೀವು ಬಂದಿರೋ ಕಡೆ ಬೇಕಾದಷ್ಟಿತ್ತಲ್ಲ,” ಎಂದು ನನ್ನನ್ನೇ ಸಂತೈಸುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಅವರ ಸೂರ್ಯನ ಪರವಾಗಿ ನಾನು, ಚನ್ನರಾಯಪಟ್ಟಣದವಳು, ವಕಾಲತ್ತು ವಹಿಸಬೇಕಾಗಿತ್ತು. ಅದರಲ್ಲಿ ನನಗೆ ಖುಷಿಯೂ ಇತ್ತು, ಸುಳ್ಳೇಕೆ ಹೇಳಲಿ.

ನೊರೀನ್ ಫೋನ್ ಮಾಡಿದ್ದು ನನ್ನ ಸರ್ವಿಸಿನ ಕಡೆಯ ವರ್ಷ, ಮಾರ್ಚ್ ತಿಂಗಳಿನಲ್ಲಿ. ವೆಕ್ಸ್‌ಫರ್ಡ್ ಕಡೆ ಅವಳ ಹೊಲ. ಆ ಸೀಮೆಯನ್ನು ಇಲ್ಲಿಯವರು ಬಿಸಿಲಿನ ಮೂಲೆ ಎಂದು ಕರೆಯುತ್ತಾರೆ, ಕರೆದು ತಾವೇ ನಗುತ್ತಾರೆ. ಮೂರು ಕಂಪನಿಯವರು ನೋಡಿ ಆಗುವುದಿಲ್ಲ ಎಂದು ಹೋಗಿದ್ದರಂತೆ. ಡೆಕ್ಲನ್‌ಗೂ ಮನಸ್ಸಿರಲಿಲ್ಲ. “ನೀನು ಹೋಗಿ ಚಹಾ ಕುಡಿದು, ಆಗಲ್ಲ ಅಂತ ಮರ್ಯಾದೆಯಾಗಿ ಹೇಳಿ ಬಾ,” ಎಂದು ನನ್ನನ್ನು ಕಳಿಸಿದ.

ನೊರೀನ್ ನನ್ನ ವಯಸ್ಸಿನವಳೇ. ಮದುವೆಯಾಗಿರಲಿಲ್ಲ. ಚಿಕ್ಕಮ್ಮನಿಂದ ಬಂದ ಹಸುಗಳನ್ನು ಒಬ್ಬಳೇ ಸಾಕಿಕೊಂಡಿದ್ದಳು. ಮೊಣಕಾಲುದ್ದದ ರಬ್ಬರ್ ಬೂಟು, ತೋಳಿಗೆ ಒರೆಸಿಕೊಂಡ ಸಗಣಿ, ಒಂದೊಂದು ಹಸುವಿಗೂ ಒಂದೊಂದು ಹೆಸರು. ಅಡುಗೆಮನೆಯಲ್ಲಿ ಕೂರಿಸಿ, ಚಹಾ ಬಗ್ಗಿಸಿ, ಸುತ್ತಿ ಬಳಸದೆ ವಿಷಯ ಹೇಳಿದಳು.

“ಹಾಲು ತಣ್ಣಗಾಗ್ತಿಲ್ಲ. ಮೇ, ಜೂನ್‌ನಲ್ಲಿ ಹಾಲು ಜಾಸ್ತಿ ಬರುತ್ತೆ, ನನ್ನ ಟ್ಯಾಂಕಿನ ಕಂಪ್ರೆಸರ್ ಎಳೆಯಲ್ಲ. ದೊಡ್ಡದು ಹಾಕೋಣ ಅಂದ್ರೆ ಈ ಓಣಿಗೆ ಬಂದಿರೋ ಕರೆಂಟ್ ಲೈನು ತಡೆಯಲ್ಲ. ಹೋದ ವರ್ಷ ಎರಡು ಸಲ ಲಾರಿಯವನು ಹಾಲು ಬಿಸಿ ಇದೆ ಅಂತ ಬಿಟ್ಟು ಹೋದ. ಮೂರನೇ ಸಲ ಹಾಗಾದ್ರೆ ಹಾಲು ತಗೊಳ್ಳೋದೇ ನಿಲ್ಲಿಸ್ತಾರೆ. ಆಮೇಲೆ ಹಸು ಇಟ್ಕೊಂಡು ಏನ್ ಮಾಡ್ಲಿ? ಸಂತೆಗೆ ಹೊಡೀಬೇಕು.”

“ಲೈನು ಸರಿ ಮಾಡಿಕೊಡಲ್ವಾ?” ಎಂದು ಕೇಳಿದೆ.

“ಮಾಡ್ತಾರೆ. ಯಾವಾಗ ಅಂತ ಅವರಿಗೇ ಗೊತ್ತಿಲ್ಲ.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ನಮ್ಮ ಮನೆಯಲ್ಲೂ ಎರಡು ಸೀಮೆಹಸು ಇದ್ದವು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಲು ಕ್ಯಾನು ಹಿಡಿದು ಸಾಲಿನಲ್ಲಿ ನಿಂತವಳು ನಾನು. ಹಾಲು ಕೆಟ್ಟಿದೆ ಎಂದು ವಾಪಸ್ ಕಳಿಸಿದ ದಿನ ಊರಿನವರ ಎದುರಿಗೆ ತುಂಬಿದ ಕ್ಯಾನು ಹೊತ್ತು ಮನೆಗೆ ನಡೆದು ಬರುವ ಅವಮಾನ ನನಗೆ ಗೊತ್ತು. ಅದನ್ನೇ ಹೇಳಿದೆ. ನೊರೀನ್ ನನ್ನ ಮುಖವನ್ನು ಮೊದಲ ಸಲ ನೆಟ್ಟಗೆ ನೋಡಿದಳು. ಸೋಲಾರಿನವಳು ಹೋಗಿ ಹಸುವಿನವಳಾದೆ ಎಂದು ಕಾಣುತ್ತದೆ.

ಆಮೇಲೆ ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಗಿಣ್ಣಿಗೆ ಬಂತು. ಅವಳ ಹಸುಗಳು ಆಗಷ್ಟೇ ಕರು ಹಾಕಿ ಮುಗಿದಿದ್ದವು. ಈದ ಹಸುವಿನ ಮೊದಲ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡುತ್ತೇವೆ, ಅಕ್ಕಪಕ್ಕದ ಮನೆಗೆಲ್ಲ ಹಂಚುತ್ತೇವೆ, ಈ ದೇಶಕ್ಕೆ ಬಂದ ಮೇಲೆ ಅದರ ಮುಖ ಕಂಡಿಲ್ಲ ಎಂದೆ. “ನಮ್ಮಜ್ಜಿನೂ ಆ ಹಾಲಲ್ಲಿ ಏನೋ ದೋಸೆ ತರ ಮಾಡ್ತಿದ್ದಳು. ಮೊದಲೇ ಹೇಳಿದ್ರೆ ತೆಗೆದಿಡ್ತಿದ್ದೆನಲ್ಲ,” ಅಂದಳು. ಮುಂದಿನ ವರ್ಷ ಕೊಡಿ ಬಿಡಿ ಎಂದೆ. ಅವಳು ಕಪ್ಪು ತೊಳೆಯಲು ಎದ್ದು, ನನಗೆ ಬೆನ್ನು ಮಾಡಿಕೊಂಡೇ, “ಮುಂದಿನ ವರ್ಷದ ಮಾತು ನಾನು ಆಡೋದು ಬಿಟ್ಟಿದ್ದೀನಿ,” ಅಂದಳು. ನನ್ನ ನಾಲಿಗೆ ಕಚ್ಚಿಕೊಂಡೆ.

ಹೊರಗೆ ಬಂದು ಕೊಟ್ಟಿಗೆ ನೋಡಿದೆ. ಉದ್ದನೆಯ ಶೆಡ್ಡು, ತಗ್ಗಾದ ಇಳಿಜಾರಿನ ಚಾವಣಿ. ಒಂದು ಮೈ ಪೂರ್ವಕ್ಕೆ, ಇನ್ನೊಂದು ಮೈ ಪಶ್ಚಿಮಕ್ಕೆ. ದಕ್ಷಿಣಕ್ಕೆ ಬರೀ ತ್ರಿಕೋನದ ಗೋಡೆ. ಮೂರು ಕಂಪನಿಯವರೂ ಇದನ್ನೇ ನೋಡಿ ಕೈ ಚೆಲ್ಲಿದ್ದು: ದಕ್ಷಿಣದ ಚಾವಣಿ ಇಲ್ಲ, ಹಾಗಾಗಿ ಸೋಲಾರ್ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ಹಾಗೇ ಅಂದುಕೊಂಡೆ ಎನ್ನಿ. ಅಷ್ಟರಲ್ಲಿ ಸಂಜೆಯ ಹಾಲು ಕರೆಯುವ ಹೊತ್ತಾಗಿ ಹಸುಗಳು ತಾವೇ ಸಾಲು ಹಿಡಿದು ಶೆಡ್ಡಿಗೆ ಬಂದವು. ಅವುಗಳ ಬೆನ್ನ ಮೇಲೆ ಪಶ್ಚಿಮದ ಬಿಸಿಲು ಬಿದ್ದಿತ್ತು.

ಅಯ್ಯೋ ಮಂಕೇ, ಎಂದು ನನಗೆ ನಾನೇ ಬೈದುಕೊಂಡೆ. ಈ ಹೆಂಗಸಿಗೆ ಕರೆಂಟು ಬೇಕಾಗಿರುವುದು ಯಾವಾಗ? ಬೆಳಿಗ್ಗೆ ಕರೆಯುವಾಗ, ಸಂಜೆ ಕರೆಯುವಾಗ. ದಕ್ಷಿಣದ ಪ್ಯಾನೆಲ್ಲು ಬೆವರು ಸುರಿಸುವುದು ಮಧ್ಯಾಹ್ನ, ಹಸುಗಳು ಮೆಲುಕು ಹಾಕುತ್ತ ಮಲಗಿರುವಾಗ. ಬೇಸಿಗೆಯಲ್ಲಿ ಈಶಾನ್ಯದಲ್ಲಿ ಏಳುವ ಸೂರ್ಯನಿಗೆ ಪೂರ್ವದ ಚಾವಣಿ, ವಾಯವ್ಯಕ್ಕೆ ಇಳಿಯುವವನಿಗೆ ಪಶ್ಚಿಮದ ಚಾವಣಿ. ಇನ್ನು ಈ ದೇಶದಲ್ಲಿ ಹಾಲು ಉಕ್ಕುವುದು ಹುಲ್ಲು ಉಕ್ಕುವಾಗ, ಹುಲ್ಲು ಉಕ್ಕುವುದು ಬೆಳಕು ಉಕ್ಕುವಾಗ. ಕಷ್ಟವೂ ಜೂನಿನಲ್ಲೇ, ಪರಿಹಾರವೂ ಜೂನಿನಲ್ಲೇ. ಯಾರೋ ಬೇಕೆಂದೇ ಕಟ್ಟಿಸಿಟ್ಟ ಹಾಗಿತ್ತು ಆ ಶೆಡ್ಡು.

ಮಧ್ಯಾಹ್ನದ ಕರೆಂಟನ್ನು ಏನು ಮಾಡುವುದು ಎಂಬುದಕ್ಕೂ ದಾರಿ ಹೊಳೆಯಿತು. ದೊಡ್ಡ ಕಂಪ್ರೆಸರ್ ಯಾಕೆ ಬೇಕು, ಬಿಸಿ ಹಾಲು ಒಮ್ಮೆಲೇ ಬಂದು ಬೀಳುವುದರಿಂದ. ಸಣ್ಣ ಕಂಪ್ರೆಸರ್ ಇಟ್ಟು, ದಿನವಿಡೀ ನಿಧಾನವಾಗಿ ಒಂದು ತೊಟ್ಟಿಯಲ್ಲಿ ಐಸು ಕಟ್ಟಿಸಿದರೆ? ಹಾಲು ಬಂದಾಗ ಆ ಐಸಿನ ನೀರನ್ನು ಹಾಲಿನ ಕೊಳವೆಯ ಸುತ್ತ ಹರಿಸಿದರೆ ಹಾಲು ಟ್ಯಾಂಕಿಗೆ ಬೀಳುವಷ್ಟರಲ್ಲಿ ತಣ್ಣಗಾಗಿರುತ್ತದೆ. ಓಣಿಯ ಬಡಕಲು ಲೈನಿನ ಮೇಲೆ ಭಾರವೇ ಬೀಳುವುದಿಲ್ಲ. ಐಸಿನ ತೊಟ್ಟಿ ಹೊಸದೇನಲ್ಲ, ಇಲ್ಲಿಯ ಎಷ್ಟೋ ಕೊಟ್ಟಿಗೆಗಳಲ್ಲಿ ಇದೆ. ಅದನ್ನು ಇಂಥ ಚಾವಣಿಗೆ ಗಂಟು ಹಾಕುವ ಯೋಚನೆ ಆ ಮೂವರಿಗೆ ಬಂದಿರಲಿಲ್ಲ, ಅಷ್ಟೇ.

ಡೆಕ್ಲನ್ ಮೊದಲು ಒಪ್ಪಲಿಲ್ಲ. “ಸೋಲಾರ್ ಅಂದ್ರೆ ದಕ್ಷಿಣ. ನಾನು ಜೀವಮಾನವೆಲ್ಲ ಚಾವಣಿ ಮೇಲೆ ಕಳೆದಿದ್ದೀನಿ.”

“ಕೊಟ್ಟಿಗೆಯಲ್ಲಿ ಎಷ್ಟು ಕಳೆದಿದ್ದೀಯ?” ಎಂದೆ.

ಅವನು ಕಪ್ಪಿನೊಳಗೆ ನೋಡಿದ. ಡೆಕ್ಲನ್ ಡಬ್ಲಿನ್ನಿನ ಪೇಟೆಯಲ್ಲಿ ಹುಟ್ಟಿ ಬೆಳೆದವನು, ಹಸುವಿನ ಹಿಂದೆ ಮುಂದೆ ಗೊತ್ತಿಲ್ಲದವನು. “ಮೋಡ ಕವಿದು ಕೂತರೆ?” ಎಂದು ಕೇಳಿದ. ಅದು ಮಾತ್ರ ಸರಿಯಾದ ಪ್ರಶ್ನೆ. ಮೋಡದ ದಿನ ಬೆಳಕು ಒಂದು ದಿಕ್ಕಿನಿಂದ ಬರುವುದಿಲ್ಲ, ಇಡೀ ಆಕಾಶದಿಂದ ಇಳಿಯುತ್ತದೆ. ತಗ್ಗಾದ ಚಾವಣಿ ಆಕಾಶವನ್ನೇ ನೋಡಿಕೊಂಡು ಮಲಗಿರುವುದರಿಂದ ನಡೆಯುತ್ತದೆ ಎಂದೆ. ಕಾಗದದ ಮೇಲೆ ತೋರಿಸಿದೆ. ಆದರೂ ಎದೆಯ ಮೂಲೆಯಲ್ಲಿ ಅಳುಕಿತ್ತು. ನನ್ನ ಲೆಕ್ಕ ತಪ್ಪಿದರೆ ಮುಳುಗುವುದು ನನ್ನ ಮನೆಯಲ್ಲ, ನೊರೀನಳದು. ಡೆಕ್ಲನ್ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, “ಗ್ರ್ಯಾಂಡ್. ಹೊಣೆ ನಿನ್ನ ತಲೆ ಮೇಲೆ,” ಅಂದ.

ಮೇ ತಿಂಗಳಲ್ಲಿ ಕೆಲಸ ಮುಗಿಯಿತು. ಮೊದಲ ವಾರಗಳು ಒಳ್ಳೆಯ ಬಿಸಿಲಿನಲ್ಲಿ ಕಳೆದವು. ತೊಟ್ಟಿಯೊಳಗೆ ಕೊಳವೆಗಳ ಸುತ್ತ ಐಸು ಮುಂಗೈ ದಪ್ಪಕ್ಕೆ ಕಟ್ಟುತ್ತಿತ್ತು. ನೊರೀನ್ ದಿನಾ ಅದರ ಫೋಟೋ ಕಳಿಸುತ್ತಿದ್ದಳು. ಬಿಸಿಲಿನಿಂದ ಐಸು ಕಟ್ಟುತ್ತಿದ್ದೇನೆ ಎಂದು ತಮ್ಮನಿಗೆ ಫೋನ್ ಮಾಡಿ ಹೇಳಿದೆ. “ಅಕ್ಕಾ, ಬಿಸಿಲಲ್ಲಿ ತಿರುಗಿ ತಲೆ ಕೆಟ್ಟಿದೆ ಅನ್ನೋಣ ಅಂದ್ರೆ ಅಲ್ಲಿ ಬಿಸಿಲೇ ಇಲ್ವಲ್ಲ,” ಅಂದ ಆ ಪುಣ್ಯಾತ್ಮ.

ಜೂನಿನ ನಡುವೆ ಆಕಾಶ ಮುಚ್ಚಿಕೊಂಡಿತು. ಗಾಳಿಯಿಲ್ಲ, ಮಳೆಯೂ ಇಲ್ಲ, ಬರೀ ಸೆಖೆ, ಬೂದಿ ಬಣ್ಣದ ಕಂಬಳಿ ಹೊದ್ದಂಥ ಮೋಡ. ಅದೂ ಹಾಲು ತುಂಬಿ ಬರುವ ವಾರ. ಬೆಳಿಗ್ಗೆ ನಾನು ಆಫೀಸಿಗೆ ಬಂದ ಕೂಡಲೇ ನೊರೀನಳ ಫೋನು ಬಂತು. ಅವಳ ದನಿ ಎಂದಿನಂತೆಯೇ ಇತ್ತು, ಮಾತು ಮಾತ್ರ ಕಡಿಮೆ.

“ಐಸು ಸವೀತಾ ಇದೆ ವಿಶ್. ಬೆರಳು ದಪ್ಪ ಇದೆ ಅಷ್ಟೆ. ಲಾರಿ ನಾಳೆ ಬರುತ್ತೆ.”

ಲೆಕ್ಕದ ಪ್ರಕಾರ ಮೋಡವಿದ್ದರೂ ಅಷ್ಟು ಸವೆಯಬಾರದು. ಪ್ಯಾನೆಲ್‌ಗಳು ಎಷ್ಟು ಕೊಡುತ್ತಿವೆ ಎಂದು ನನ್ನ ಕಂಪ್ಯೂಟರಿನಲ್ಲಿ ನೋಡಿದೆ, ನಾನು ಹೇಳಿದಷ್ಟೇ ಕೊಡುತ್ತಿದ್ದವು. ಹಾಗಾದರೆ ಕರೆಂಟು ಎಲ್ಲಿ ಸೋರುತ್ತಿದೆ? ಸಾಲಾಗಿ ಕೇಳುತ್ತ ಹೋದೆ. ಈಗ ಏನೇನು ಓಡ್ತಿದೆ? ಕಂಪ್ರೆಸರು. ಲೈಟು? ಇಲ್ಲ. ನೀರಿನ ಪಂಪು? ಇಲ್ಲ.

“ನೀರು ಕಾಯಿಸೋದು?”

“ಅದು ಬೆಳಿಗ್ಗೆಯಿಂದ ಯಾವಾಗ್ಲೂ ಆನ್ ಇರುತ್ತೆ. ಮೆಷಿನ್ನು ತೊಳೆಯೋಕೆ ಬಿಸಿನೀರು ಬೇಕಲ್ಲ. ಚಿಕ್ಕಮ್ಮನ ಕಾಲದಿಂದಲೂ ಹಾಗೇ.”

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಗೀಸರ್! ಕರೆಂಟು ಹೋಗಿ ಮನೆ ಯುಪಿಎಸ್ ಮೇಲೆ ನಡೆಯುವಾಗ ಗೀಸರಿಗೆ ಕೈ ಹಚ್ಚಬಾರದು ಎಂಬುದು ಬೆಂಗಳೂರಿನ ಮಗುವಿಗೂ ಗೊತ್ತು. ನನಗೆ ಅದು ಎಷ್ಟು ರೂಢಿ ಎಂದರೆ, ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಬೇಕು ಎಂದೇ ತೋಚಿರಲಿಲ್ಲ. ಇಲ್ಲಿಯವರು ಯುಪಿಎಸ್ ಕಂಡವರಲ್ಲ. ಸ್ವಿಚ್ಚು ಹಾಕಿದರೆ ಕರೆಂಟು ಬರುತ್ತದೆ, ಎಷ್ಟು ಬೇಕೋ ಅಷ್ಟು ಬರುತ್ತದೆ ಎಂದುಕೊಂಡು ಬೆಳೆದವರು. ನಾಲ್ಕು ಮನೆಯ ಕರೆಂಟನ್ನು ಒಂದೇ ಗುಟುಕಿಗೆ ಕುಡಿಯುವ ಆ ಹೀಟರು, ಐಸಿನ ಬಾಯಿಯ ತುತ್ತನ್ನು ಕಸಿದುಕೊಂಡು ತಿನ್ನುತ್ತಿತ್ತು.

“ಅದನ್ನ ಆಫ್ ಮಾಡಿ. ಈಗಲೇ. ನಾನು ಬರ್ತಿದ್ದೀನಿ,” ಎಂದೆ.

ಡೆಕ್ಲನ್ ಕೀ ತೆಗೆದುಕೊಂಡು ಆಗಲೇ ಬಾಗಿಲಲ್ಲಿದ್ದ. ಅಲ್ಲಿಗೆ ಹೋಗಿ ಮಾಡಿದ್ದು ಬಹಳ ಸರಳ ಕೆಲಸ. ಹೀಟರಿಗೆ ಟೈಮರ್ ಕೂರಿಸಿ, ಐಸು ಸಾಕಷ್ಟು ಕಟ್ಟಿದ ಮೇಲಷ್ಟೇ ನೀರು ಕಾಯುವ ಹಾಗೆ ಮಾಡಿದೆವು. ಹಿಂದಿನ ದಿನ ಕಾದ ನೀರನ್ನು ಬಿಸಿಯಾಗಿ ಹಿಡಿದಿಡಲು ಹಂಡೆಗೆ ದಪ್ಪನೆಯ ಹೊದಿಕೆ ಸುತ್ತಿದೆವು. ಮೊದಲು ಹಾಲು, ಆಮೇಲೆ ಮೆಷಿನ್ನಿನ ಸ್ನಾನ ಎಂದೆ. ನೊರೀನ್ ತಲೆಯಾಡಿಸಿದಳು. ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ, ಆಕಾಶ ನೋಡುವುದೊಂದೇ.

ಆ ದಿನ ಸೂರ್ಯ ಒಂದು ಕ್ಷಣವೂ ಮುಖ ತೋರಿಸಲಿಲ್ಲ. ಆದರೆ ಬೆಳಕಿತ್ತು. ಮೋಡದೊಳಗಿಂದ ಸೋಸಿ ಬಂದ ಬಿಳಿ ಬೆಳಕು, ಶೆಡ್ಡಿನ ಎರಡೂ ಮೈ ಮೇಲೆ ಒಂದೇ ಸಮನೆ ಬಿದ್ದಿತ್ತು. ಕಂಪ್ರೆಸರ್ ಒಂದೇ ರಾಗದಲ್ಲಿ ಗುಂಯ್‌ಗುಡುತ್ತಿತ್ತು. ಮಧ್ಯಾಹ್ನ ತೊಟ್ಟಿಯ ಮುಚ್ಚಳ ತೆಗೆದರೆ ಬೆರಳಿನಷ್ಟಿದ್ದದ್ದು ಹೆಬ್ಬೆರಳಾಗಿತ್ತು. ಹಸುಗಳು ಸಂಜೆಗೆ ಬರುವ ಮುಂಚೆ ನೋಡಿದರೆ ನನ್ನ ಮುಂಗೈಯಷ್ಟು ದಪ್ಪ. ಡೆಕ್ಲನ್ ಮುಚ್ಚಳ ಹಿಡಿದುಕೊಂಡೇ ನಿಂತು, ಮೇಲೆ ಆಕಾಶ, ಕೆಳಗೆ ಐಸು, ಎರಡನ್ನೂ ಸರದಿಯ ಮೇಲೆ ನೋಡಿದ. “ನನ್ನ ದೇಶದಲ್ಲಿ ಇಷ್ಟು ಬೆಳಕಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ,” ಅಂದ.

“ನಾನು ಹೇಳ್ತಾನೇ ಇದ್ದೆ,” ಎಂದೆ. ಬಿಡುವುದುಂಟೇ.

ಮಾರನೆಯ ದಿನ ಲಾರಿ ಬಂತು. ನಾವಿಬ್ಬರೂ ಆ ಊರಿನಲ್ಲೇ ಕೋಣೆ ಹಿಡಿದು ಉಳಿದಿದ್ದೆವು, ಬಿಟ್ಟು ಹೋಗಲು ಕಾಲು ಬಂದಿರಲಿಲ್ಲ. ಆಗಲೂ ಅದೇ ಮೋಡ. ಡ್ರೈವರ್ ಇಳಿದು ಟ್ಯಾಂಕಿನ ಹತ್ತಿರ ಹೋಗಿ ಹಾಲು ಎಷ್ಟಿದೆ ಎನ್ನುವಂತೆ ಇಣುಕಿ, ಉಷ್ಣತೆ ನೋಡಿದ. ನೊರೀನ್ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದಳು, ಎರಡೂ ಕೈ ಜೇಬಿನಲ್ಲಿ. ನಾನೂ ಹಾಗೇ ನಿಂತಿದ್ದೆ. ಡ್ರೈವರ್ ಎರಡನೇ ಸಲ ನೋಡಿದ.

“ಗ್ರ್ಯಾಂಡ್,” ಎಂದು ಹೇಳಿ ಪೈಪು ಜೋಡಿಸಿದ.

ಅಷ್ಟೇ. ಅವನಿಗೆ ಅದು ದಿನದ ಮಾತು. ಹಾಲು ಪೈಪಿನಲ್ಲಿ ಗೊಳಗೊಳ ಸದ್ದು ಮಾಡುತ್ತ ಲಾರಿಗೆ ಹೋಯಿತು. ಆ ಒಂದು ಮಾತಿಗೆ ಭವ್ಯ, ಅದ್ಭುತ ಎಂಬ ಅರ್ಥ ಇದ್ದೇ ಇದೆ ಎಂದು ನಾನು ಆವತ್ತು ತೀರ್ಮಾನಿಸಿದೆ. ಹಾಲು ಕುಡಿದಷ್ಟು ಸಂತೋಷ ಅನ್ನುತ್ತೇವಲ್ಲ, ಆ ಹಾಲನ್ನು ಒಂದು ತೊಟ್ಟೂ ಕುಡಿಯದೆ ಅಷ್ಟು ಸಂತೋಷವಾಯಿತು. ಲಾರಿ ಓಣಿಯ ತಿರುವು ದಾಟಿದ ಮೇಲೆ ನೊರೀನ್ ಜೇಬಿನಿಂದ ಕೈ ತೆಗೆದು ನನ್ನ ಭುಜವನ್ನು ಒಂದು ಸಲ ಗಟ್ಟಿಯಾಗಿ ಹಿಡಿದಳು. ಆಮೇಲೆ ಟ್ಯಾಂಕು ತೊಳೆಯಲು ಹೋದಳು. ಬಿಸಿನೀರು ಸಿದ್ಧವಿತ್ತು.

ಆ ಬೇಸಿಗೆಯೆಲ್ಲ ಒಂದು ಸಲವೂ ಹಾಲು ವಾಪಸ್ಸಾಗಲಿಲ್ಲ. ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ದಕ್ಷಿಣದ ಚಾವಣಿ ಇಲ್ಲವೆಂದು ಕೈಬಿಟ್ಟಿದ್ದ ಕೊಟ್ಟಿಗೆಗಳವರೆಲ್ಲ ಡೆಕ್ಲನ್‌ಗೆ ಫೋನ್ ಮಾಡತೊಡಗಿದರು. ಅವನು ಅವರಿಗೆಲ್ಲ, ಸೋಲಾರ್ ಅಂದರೆ ಪೂರ್ವ ಪಶ್ಚಿಮ, ನಾನು ಜೀವಮಾನವೆಲ್ಲ ಚಾವಣಿ ಮೇಲೆ ಕಳೆದವನು ಎಂದು ಹೇಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಕೇಳಿ ಸುಮ್ಮನಿದ್ದೆ. ಹುಡುಗಿಯರೇ, ಬಾಸು ನಿಮ್ಮ ಮಾತನ್ನು ತನ್ನದೆಂದು ಹೇಳತೊಡಗಿದರೆ ನೀವು ಗೆದ್ದಿರಿ ಎಂದು ತಿಳಿಯಿರಿ. ಮತ್ತೆ, ಚಾವಣಿ ಹತ್ತುವ ಮುಂಚೆ ಆ ಮನೆಯವರು ಹಗಲೆಲ್ಲ ಏನು ಮಾಡುತ್ತಾರೆ ಎಂದು ಕೂತು ಕೇಳಿ. ನಾನು ಕಲಿತದ್ದರಲ್ಲಿ ಕೊಡುವಂಥದ್ದು ಇಷ್ಟೇ.

ಡಿಸೆಂಬರಿನಲ್ಲಿ ನಿವೃತ್ತಳಾದೆ. ಕೇಕು ಕತ್ತರಿಸಿದರು, ಡೆಕ್ಲನ್ ಭಾಷಣ ಮಾಡಲು ಎದ್ದು, “ಗ್ರ್ಯಾಂಡ್,” ಎಂದಷ್ಟೇ ಹೇಳಿ ಕೂತುಬಿಟ್ಟ. ಫೆಬ್ರವರಿಯ ಒಂದು ಬೆಳಿಗ್ಗೆ ನಮ್ಮ ಮನೆಯ ಮುಂದೆ ಕೆಸರು ಮೆತ್ತಿದ ಜೀಪೊಂದು ಬಂದು ನಿಂತಿತು. ನೊರೀನ್ ಇಳಿದಳು. ಟವೆಲ್ಲಿನಲ್ಲಿ ಸುತ್ತಿದ ಸ್ಟೀಲ್ ಕ್ಯಾನನ್ನು ಮಗುವಿನಂತೆ ಎದೆಗೆ ಅವಚಿಕೊಂಡಿದ್ದಳು. ಮುಚ್ಚಳ ತೆಗೆದರೆ ಒಳಗೆ ಹಳದಿಯ, ಮಂದವಾದ ಹಾಲು.

“ಮೊದಲನೇ ಹಸು ನಿನ್ನೆ ಈಯಿತು. ಕರು ಕುಡಿದು ಉಳಿದದ್ದು. ತಣ್ಣಗೇ ಇದೆ, ಬೇಕಾದ್ರೆ ನೋಡಿ,” ಅಂದಳು.

ನಾನು ಕ್ಯಾನು ತೆಗೆದುಕೊಂಡು ಒಲೆಯ ಕಡೆ ತಿರುಗಿದೆ. ಬೆಲ್ಲ ಕುಟ್ಟಿದೆ, ಏಲಕ್ಕಿ ಹಾಕಿದೆ, ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ. ಗಿಣ್ಣಿನ ವಾಸನೆ ಮನೆಯೆಲ್ಲ ಹಬ್ಬಿ, ಯಜಮಾನರು ಮಹಡಿಯಿಂದ, “ವಿಶಾಲೂ, ಇದೇನೇ ಇದು?” ಎಂದು ಕೇಳುತ್ತ ಚಪ್ಪಲಿ ಹುಡುಕದೆ ಇಳಿದು ಬಂದರು. ಇಲ್ಲೇ ದೊಡ್ಡವಳಾದ ಮಗಳು ಚಮಚ ನೆಕ್ಕಿ, ಅವಳ ಐರಿಷ್ ರಾಗದ ಇಂಗ್ಲಿಷಿನಲ್ಲಿ, ಇಷ್ಟು ದಿನ ಇದನ್ನ ಯಾಕೆ ಬಚ್ಚಿಟ್ಟಿದ್ದೆ ಎಂದು ನನ್ನನ್ನೇ ದಬಾಯಿಸಿದಳು. ಪದ್ಧತಿಯಂತೆ ಎಡಗಡೆ ಮನೆಗೊಂದು ಬಟ್ಟಲು, ಬಲಗಡೆ ಮನೆಗೊಂದು ಬಟ್ಟಲು ಕೊಟ್ಟು ಬಂದೆ. ನೊರೀನ್ ಎರಡು ಸಲ ಹಾಕಿಸಿಕೊಂಡು ತಿಂದಳು.

ಹೊರಡುವಾಗ ಕ್ಯಾನು ತೊಳೆದು, ಒಳಗೆ ಒಂದು ಅಚ್ಚು ಬೆಲ್ಲ ಇಟ್ಟುಕೊಟ್ಟೆ. ಇದೇಕೆ ಎಂದು ಕೇಳಿದಳು. ನಮ್ಮಲ್ಲಿ ಪಾತ್ರೆ ಖಾಲಿ ವಾಪಸ್ ಕೊಡುವುದಿಲ್ಲ, ನೀವೂ ಮಾಡಿಕೊಳ್ಳಬಹುದು ಎಂದೆ. ಅವಳು ಬೆಲ್ಲವನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

“ಇಷ್ಟು ಸಾಕಾಗಲ್ಲ,” ಅಂದಳು. “ಮುಂದಿನ ವರ್ಷ ಇನ್ನೂ ನಾಲ್ಕು ಹಸು ಜಾಸ್ತಿ ಈಯುತ್ತವೆ.”

ಡಬ್ಬದಲ್ಲಿದ್ದ ಬೆಲ್ಲವನ್ನೆಲ್ಲ ತೆಗೆದು ಅವಳ ಕ್ಯಾನಿಗೆ ತುಂಬಿದೆ.